ತೆರಿಗೆ ಪಾಲಿನ ಹೇಳಿಕೆಗಳನ್ನು ನಾನು ಪರಿಶೀಲಿಸಿದ ಬಗೆ

2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರವು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ನಡೆಸಿದಾಗ, ಕೇಂದ್ರವು ಸಂಗ್ರಹಿಸುವ ತೆರಿಗೆಯನ್ನು ರಾಜ್ಯಗಳಿಗೆ ಹಂಚುವ ಕುರಿತು ಎರಡೂ ಕಡೆಯವರು ಆಡುತ್ತಿದ್ದ ಮಾತುಗಳನ್ನು ಪರಿಶೀಲಿಸಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತು. ಕೇಂದ್ರವು ನಮ್ಮ ಪಾಲನ್ನು ಕಡಿತಗೊಳಿಸಿ ಅನ್ಯಾಯ ಮಾಡಿದೆ ಎಂಬ ಧಾಟಿಯ ಹೇಳಿಕೆಗೆ ‘ನಿಜ’ ಅಥವಾ ‘ಸುಳ್ಳು’ ಎಂಬ ಒಂದೇ ಮುದ್ರೆ ಒತ್ತಲು ನಾನು ಒಪ್ಪಲಿಲ್ಲ. ಅದರೊಳಗೆ ಮೂರು ಬೇರೆ ಬೇರೆ ಮಾತುಗಳಿದ್ದವು.

ಪಾಲು ಇಳಿದಿದೆ ಎಂಬುದಕ್ಕೆ ದಾಖಲೆಯಿದೆ: 14ನೇ ಹಣಕಾಸು ಆಯೋಗದಲ್ಲಿ ಶೇ 4.713ರಷ್ಟಿದ್ದದ್ದು 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿಯಿತು. ಒಬ್ಬರು ಇದನ್ನು ಕೇವಲ ಒಂದು ಶೇಕಡಾ ಅಂಶದ ಇಳಿಕೆ ಎನ್ನಬಹುದು, ಇನ್ನೊಬ್ಬರು ಹಿಂದಿನ ಪಾಲಿನಲ್ಲಿ ಶೇ 22ಕ್ಕೂ ಹೆಚ್ಚು ನಷ್ಟ ಎನ್ನಬಹುದು. ಎರಡೂ ಲೆಕ್ಕ ಸರಿ. ಒಂದನ್ನೇ ಆರಿಸಿ ಶೀರ್ಷಿಕೆ ಕೊಟ್ಟರೆ ಅಂಕಿಯ ವೇಷದಲ್ಲಿ ಅಭಿಪ್ರಾಯ ನುಸುಳುತ್ತದೆಯಾದ್ದರಿಂದ ಎರಡನ್ನೂ ಒಂದೇ ವಾಕ್ಯದಲ್ಲಿ ಬರೆದೆ. ರಾಜ್ಯಕ್ಕೆ ಬರುವ ತೆರಿಗೆ ಹಣದ ಮೊತ್ತ 2014ಕ್ಕಿಂತ ಮೊದಲಿನದಕ್ಕೆ ಹೋಲಿಸಿದರೆ ಹೆಚ್ಚಿದೆ ಎಂಬ ಪ್ರತಿವಾದವೂ ನಿಜವೇ; ಆದರೆ ಹಂಚಬೇಕಾದ ಒಟ್ಟು ಮೊತ್ತವೇ ಬೆಳೆದಿರುವಾಗ ಅದು ಪಾಲಿನ ಪ್ರಶ್ನೆಗೆ ಉತ್ತರವಾಗದು ಎಂಬುದನ್ನೂ ದಾಖಲಿಸಿದೆ.

ಕಡಿತ ಮಾಡಿದವರು ಯಾರು ಎಂಬ ಎರಡನೆಯ ಮಾತಿಗೆ ಹೆಚ್ಚು ಓದು ಬೇಕಾಯಿತು. ಸಂವಿಧಾನದ 280ನೇ ವಿಧಿಯಡಿ ರಚನೆಯಾಗುವ ಆಯೋಗವೇ ಪಾಲನ್ನು ಶಿಫಾರಸು ಮಾಡುತ್ತದೆ. ಹಾಗೆಂದು ಕೇಂದ್ರಕ್ಕೆ ಸಂಬಂಧವೇ ಇಲ್ಲವೆನ್ನುವಂತಿಲ್ಲ; ಜನಸಂಖ್ಯೆಯ ಬೆಳವಣಿಗೆಯನ್ನು ತಗ್ಗಿಸಿದ ರಾಜ್ಯಗಳ ಪಾಲನ್ನು ಕುಗ್ಗಿಸಬಲ್ಲ 2011ರ ಜನಗಣತಿಯನ್ನು ಬಳಸಬೇಕೆಂಬುದು 15ನೇ ಆಯೋಗಕ್ಕೆ ಕೇಂದ್ರವೇ ಕೊಟ್ಟ ಪರಿಶೀಲನಾ ಅಂಶಗಳಲ್ಲೇ ಇತ್ತು. 5,495 ಕೋಟಿ ರೂಪಾಯಿ ವಿಶೇಷ ಅನುದಾನವನ್ನು ಕೇಂದ್ರವು ಕೊಡಲಿಲ್ಲವೆಂದು ರಾಜ್ಯವು ದೂರಿದ ವಿವಾದದಲ್ಲೂ ಹೀಗೆಯೇ: ಆಯೋಗದ ಮೊದಲ ವರದಿಯಲ್ಲಿ ಶಿಫಾರಸು ಇತ್ತು, ಅಂತಿಮ ವರದಿಯಲ್ಲಿ ಇರಲಿಲ್ಲ. ಎರಡನ್ನೂ ಹೇಳದೆ ಒಂದನ್ನಷ್ಟೇ ಹೇಳುವುದು ಪರಿಶೀಲನೆಯಲ್ಲ, ಪಕ್ಷವಹಿಸುವಿಕೆ.

ಇನ್ನುಳಿದದ್ದು ಅನ್ಯಾಯದ ಮಾತು. ತಲಾ ಆದಾಯ ಕಡಿಮೆಯಿರುವ ರಾಜ್ಯಗಳಿಗೆ ಹೆಚ್ಚು ಕೊಡುವ ಮಾನದಂಡಕ್ಕೆ ಆಯೋಗವು ಶೇ 45ರಷ್ಟು ತೂಕ ನೀಡಿತ್ತು. ಅದು ಅತಿಯಾಯಿತೆಂಬುದು ನನ್ನ ದೃಢ ನಿಲುವು. ಬಿಹಾರದ ಓದುಗರೊಬ್ಬರು ಅದೇ ಅಂಕಿಗಳನ್ನು ನೋಡಿ ಅದನ್ನೇ ನ್ಯಾಯವೆಂದರೆ ಅವರನ್ನು ಸುಳ್ಳುಗಾರರೆನ್ನಲು ನನ್ನ ಬಳಿ ಯಾವ ದಾಖಲೆಯೂ ಇಲ್ಲ. ಆದ್ದರಿಂದ ಪರಿಶೀಲನಾ ವರದಿಯಲ್ಲಿ ಮೂರನೆಯ ಭಾಗಕ್ಕೆ ತೀರ್ಪು ಕೊಡದೆ, ಅದು ಚರ್ಚೆಗೆ ಬಿಟ್ಟ ವಿಷಯವೆಂದಷ್ಟೇ ಬರೆದು, ನನ್ನ ವಾದವನ್ನು ಸಂಪಾದಕೀಯ ಪುಟದಲ್ಲಿ ನನ್ನ ಹೆಸರಿನಡಿ ಪ್ರತ್ಯೇಕವಾಗಿ ಪ್ರಕಟಿಸಲು ಕೊಟ್ಟೆ.