ಪುಟ್ಟ ಮಕ್ಕಳ ಜೊತೆ ಡಿಸ್ನಿ ವರ್ಲ್ಡ್: ಮೊದಲು ಊಟದ ಹೊತ್ತು, ಆಮೇಲೆ ರೈಡ್

ನಾಲ್ಕು ಥೀಮ್ ಪಾರ್ಕ್‌ಗಳಿರುವ ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಆರು ವರ್ಷದೊಳಗಿನ ಮಕ್ಕಳನ್ನು ಕರೆದೊಯ್ಯುವಾಗ ನಾನು ರೈಡ್‌ಗಳ ಪಟ್ಟಿಯಿಂದ ಶುರು ಮಾಡುವುದಿಲ್ಲ. ಮಗು ಉಣ್ಣುವ, ಮಲಗುವ ಹೊತ್ತನ್ನು ಮೊದಲು ಬರೆದಿಟ್ಟುಕೊಂಡು, ಉಳಿದ ಸಮಯದಲ್ಲಿ ಪಾರ್ಕ್ ಹೊಂದಿಸುತ್ತೇನೆ.

ಮಿಕ್ಕಿ, ಡೊನಾಲ್ಡ್, ಪೂ ಕರಡಿ ಮೊದಲಾದ ಕಾರ್ಟೂನ್ ಪಾತ್ರಗಳ ವೇಷಧಾರಿಗಳು ನಾವು ಕೂತ ಮೇಜಿಗೇ ಬರುವ ಕ್ಯಾರೆಕ್ಟರ್ ಮೀಲ್‌ಗೆ 60 ದಿನ ಮೊದಲೇ ಬುಕಿಂಗ್ ತೆರೆಯುತ್ತದೆ, ಫ್ಲಾರಿಡಾ ಸಮಯ ಬೆಳಗ್ಗೆ 6ರ ಹೊತ್ತಿಗೆ. ಬೆಂಗಳೂರಿನಲ್ಲಿ ಆಗ ಬೇಸಿಗೆಯಾದರೆ ಮಧ್ಯಾಹ್ನ 3:30, ಚಳಿಗಾಲವಾದರೆ 4:30. ಡಿಸ್ನಿಯ ಹೋಟೆಲ್‌ನಲ್ಲೇ ಇಳಿಯುವವರು ಚೆಕ್-ಇನ್‌ಗೆ 60 ದಿನ ಇರುವಾಗಲೇ, ಗರಿಷ್ಠ 10 ದಿನಗಳವರೆಗೆ, ತಮ್ಮ ಇಡೀ ವಾಸ್ತವ್ಯದ ಊಟಗಳನ್ನು ಕಾದಿರಿಸಬಹುದು. ಹಾಗಾಗಿ ಸುಲಭಕ್ಕೆ ಸಿಗದ ಊಟವನ್ನು ವಾಸ್ತವ್ಯದ ಕೊನೆಯ ದಿನಗಳಿಗೆ ಇಡುತ್ತೇನೆ. ಆ ದಿನಾಂಕಗಳು ಹೊರಗಿನವರಿಗೆ ಇನ್ನೂ ತೆರೆದಿರುವುದಿಲ್ಲ.

ಬಹಳ ಜನ ಬೆಳಗ್ಗೆ 8 ಗಂಟೆಯ ತಿಂಡಿಗೆ ಮುಗಿಬೀಳುತ್ತಾರೆ. ಪಾರ್ಕ್ ಒಳಗಿನ ಊಟಕ್ಕೆ ಅದು ಸರಿಯಾದ ಹೊತ್ತಲ್ಲ. ಪಾರ್ಕ್ ತೆರೆದ ಮೊದಲ ಎರಡು ಗಂಟೆ ಕ್ಯೂ ಚಿಕ್ಕದು, ಬಿಸಿಲೂ ಕಡಿಮೆ. ಅದನ್ನು ತಟ್ಟೆಯ ಮುಂದೆ ಕಳೆಯಬಾರದು. ಮ್ಯಾಜಿಕ್ ಕಿಂಗ್‌ಡಮ್ ಪಾರ್ಕ್‌ನ ಕ್ರಿಸ್ಟಲ್ ಪ್ಯಾಲೇಸ್ ರೆಸ್ಟೊರೆಂಟ್ ಆಗಲಿ, ಅನಿಮಲ್ ಕಿಂಗ್‌ಡಮ್ ಪಾರ್ಕ್‌ನ ಟಸ್ಕರ್ ಹೌಸ್ ಆಗಲಿ, ನಾನು ತಿಂಡಿಯ ಕೊನೆಯ ಹೊತ್ತನ್ನೇ ಹುಡುಕುತ್ತೇನೆ, 10:30ರ ಆಸುಪಾಸು. ಎದ್ದ ಕೂಡಲೇ ಮಗುವಿಗೆ ಬಾಳೆಹಣ್ಣು, ಹಾಲು ಕೊಟ್ಟಿದ್ದರೆ ಸಾಕು. ಕ್ಯೂ ಬೆಳೆಯುವಾಗ ನಾವು ತಂಪಾಗಿ ಒಳಗೆ ಕೂತಿರುತ್ತೇವೆ, ಮಧ್ಯಾಹ್ನದ ಊಟದ ಖರ್ಚೂ ಉಳಿಯುತ್ತದೆ. ಮೂರು ತುಂಬದ ಮಕ್ಕಳಿಗೆ ಪಾರ್ಕ್ ಟಿಕೆಟ್ ಇಲ್ಲ, ಬಫೆಗೂ ದುಡ್ಡಿಲ್ಲ. ಆದರೆ ಬುಕಿಂಗ್‌ನಲ್ಲಿ ಅವರನ್ನೂ ಎಣಿಸಬೇಕು. 10 ತುಂಬಿದರೆ ದೊಡ್ಡವರ ದರ.

ಡಿಸ್ನಿಯದೇ ಕಾಂಟೆಂಪರರಿ ಹೋಟೆಲ್‌ನ ಶೆಫ್ ಮಿಕ್ಕೀಸ್, ರಿವಿಯೆರಾ ಹೋಟೆಲ್‌ನ ಟೊಪೊಲಿನೋಸ್ ಟೆರೇಸ್‌ನಂಥ ಕಡೆ ತಿನ್ನಲು ಪಾರ್ಕ್ ಟಿಕೆಟ್ ಬೇಕಿಲ್ಲ. ಎರಡು ಪಾರ್ಕ್ ದಿನಗಳ ನಡುವಿನ ವಿಶ್ರಾಂತಿ ದಿನಕ್ಕೆ ಇವೇ ಸರಿ.

ಊಟಕ್ಕೆ ಒಂದೂವರೆ ಗಂಟೆ ಬಿಡಿ. ಪಾತ್ರಗಳು ಮೇಜಿನಿಂದ ಮೇಜಿಗೆ ಸುತ್ತು ಬರುತ್ತವೆ, ಎಲ್ಲರೂ ಒಟ್ಟಿಗೆ ಬಫೆಗೆ ಎದ್ದು ಹೋದರೆ ಒಂದು ಪಾತ್ರ ತಪ್ಪಿಹೋಗುತ್ತದೆ. ದೊಡ್ಡವರೊಬ್ಬರು ಮಗುವಿನ ಜೊತೆ ಕೂತೇ ಇರಲಿ. ತಪ್ಪಿದರೆ ಬಡಿಸುವವರಿಗೆ ಹೇಳಿ. ಆಟೋಗ್ರಾಫ್‌ಗೆ ದಪ್ಪ ಪೆನ್ ಬೇಕು, ಪಾತ್ರಗಳ ಆ ದೊಡ್ಡ ಕೈಗವಸಿನಲ್ಲಿ ಸಣ್ಣ ಪೆನ್ ಹಿಡಿಯಲಾಗುವುದಿಲ್ಲ.

ಎರಡು-ಮೂರು ವರ್ಷದವರು ಹೆದರಿದರೆ ಅದು ಹಟವಲ್ಲ. ಟಿವಿಯಲ್ಲಿ ಅಂಗೈಯಷ್ಟಿದ್ದ ಮಿಕ್ಕಿ ಇಲ್ಲಿ ಮಗುವಿಗಿಂತ ಎಷ್ಟೋ ಎತ್ತರ, ಜೊತೆಗೆ ಮಾತೂ ಆಡುವುದಿಲ್ಲ. ಮಗುವನ್ನು ಗೋಡೆ ಬದಿಗೆ ಕೂರಿಸಿ. ಮೊದಲು ಅಮ್ಮನೋ ಅಕ್ಕನೋ ಕೈಕುಲುಕಲಿ, ಮಗು ದೂರದಿಂದಲೇ ಟಾಟಾ ಮಾಡಲಿ. ಫೋಟೊಗಾಗಿ ದಯವಿಟ್ಟು ಮಗುವನ್ನು ಮುಂದೆ ತಳ್ಳಬೇಡಿ. ಒಮ್ಮೆ ಬೆದರಿದ ಮಗು ಮುಂದಿನ ಪಾತ್ರ ಬರುವ ಮೊದಲೇ ಅಳುತ್ತದೆ.

ಸಸ್ಯಾಹಾರಿಗಳು ಮೇಜಿಗೆ ಶೆಫ್‌ನನ್ನು ಕರೆಸಿ ಮಾತಾಡಬೇಕು. ವಾಫಲ್, ಪ್ಯಾನ್‌ಕೇಕ್‌ನಲ್ಲಿ ಮೊಟ್ಟೆ, ಮಾರ್ಷ್‌ಮೆಲೋನಲ್ಲಿ ಜೆಲಾಟಿನ್ ಇರುತ್ತದೆ; ‘ವೆಜಿಟೇರಿಯನ್’ ಎಂದಷ್ಟೇ ಹೇಳಿದರೆ ಮೊಟ್ಟೆ ಬಿಡಬೇಕೆಂದು ಅವರಿಗೆ ತಿಳಿಯುವುದಿಲ್ಲ. ಮನೆಯ ತಿಂಡಿಯನ್ನು ಪಾರ್ಕಿಗೆ ಒಯ್ಯಬಹುದು, ಗಾಜಿನ ಡಬ್ಬಿ ಮಾತ್ರ ಬೇಡ. ನಾಲ್ಕೂ ಪಾರ್ಕ್‌ಗಳ ಬೇಬಿ ಕೇರ್ ಸೆಂಟರ್‌ನಲ್ಲಿ ಮೈಕ್ರೋವೇವ್, ಹೈ ಚೇರ್, ಹಾಲೂಡಿಸುವ ಜಾಗ ಇವೆ. ಅನ್ನ-ಬೇಳೆ ಬಿಸಿ ಮಾಡಿ ತಿನ್ನಿಸಲು ಅಲ್ಲಿ ಅನುಕೂಲ.

ಮಧ್ಯಾಹ್ನ 1ರ ಹೊತ್ತಿಗೆ ರೂಮಿಗೆ ಹೊರಟುಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಮೇಲಿನ ಗುಡುಗು ಮಳೆ ಅಲ್ಲಿ ಮಾಮೂಲು. ಮ್ಯಾಜಿಕ್ ಕಿಂಗ್‌ಡಮ್‌ಗೆ ಕಾರಿನಲ್ಲಿ ಬಂದವರು ಮೋನೋರೈಲ್‌ನಲ್ಲೋ ದೋಣಿಯಲ್ಲೋ ಪಾರ್ಕಿಂಗ್ ಸೇರಬೇಕು, ಅದಕ್ಕೇ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಮಗುವಿನ ಎತ್ತರವನ್ನು ಊರಲ್ಲೇ ಅಳೆದಿರಿ: ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೇನ್ ಎಂಬ ರೋಲರ್ ಕೋಸ್ಟರ್‌ಗೆ 38 ಇಂಚು ಬೇಕು. ಅಷ್ಟಿಲ್ಲದಿದ್ದರೆ ರೈಡರ್ ಸ್ವಿಚ್ ಕೇಳಿ: ಒಬ್ಬರು ಮಗುವಿನ ಜೊತೆ ಹೊರಗಿರುತ್ತಾರೆ, ಮತ್ತೊಬ್ಬರು ಹೋಗಿ ಬಂದ ಮೇಲೆ ಇವರು ಮತ್ತೆ ಪೂರ್ತಿ ಕ್ಯೂ ನಿಲ್ಲದೆ ಹೋಗಬಹುದು.