ಮಳೇಲಿ ಕರಗಿ ಹೋಗುತ್ತೆ ಅಂದಿದ್ರು: ನನ್ನ ಮಡ್ ಬ್ಲಾಕ್ ಅನುಭವ

ಮಡ್ ಬ್ಲಾಕ್ ಅಂದ್ರೆ ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಮಷೀನಲ್ಲಿ ಒತ್ತಿ, ಸುಡದೇನೇ ಮಾಡೋ ಇಟ್ಟಿಗೆ. ಅದ್ರಲ್ಲಿ ಕಟ್ಟಿದ, ಪ್ಲಾಸ್ಟರ್ ಇಲ್ಲದ ಗೋಡೆ ಮೂರನೇ ಮಳೆಗಾಲಾನೂ ದಾಟ್ತು, ಇನ್ನು ಧೈರ್ಯವಾಗಿ ಬರೀಬಹುದು ಅನ್ನಿಸ್ತು. ಶುರು ಮಾಡ್ದಾಗ ಮನೆ ಕಟ್ಟಿಸೋ ನಮ್ಮ ಲೈನಿನವ್ರೇ "ಮಣ್ಣಲ್ಲಿ ಕಟ್ಟಿ ಕೊಟ್ಟು ಮೊದಲ ಮಳೆಗೆ ಊರು ಬಿಡ್ತೀಯಾ" ಅಂತ ನಕ್ಕಿದ್ರು, ಈಗ ಅವ್ರಲ್ಲೇ ಇಬ್ರು ಫೋನ್ ಮಾಡಿ ಮಿಕ್ಸ್ ಏನು ಅಂತ ಕೇಳ್ತಿದಾರೆ.

ನಾನೇನು ಭೂಮಿ ಉಳಿಸೋಕೆ ಹೊರಟವನಲ್ಲ. ಗಿರಾಕಿಗಳು ಕೇಳೋ ಪ್ರಶ್ನೆ ಬದಲಾಯ್ತು, ಅಷ್ಟೆ. ಮುಂಚೆ ಚದರಕ್ಕೆ ಎಷ್ಟಾಗುತ್ತೆ ಅಂತಿದ್ದವ್ರು ಈಗ ಮೇಲಿನ ಮಹಡೀಲಿ ಎಸಿ ಇಲ್ದೆ ಮಲಗೋಕಾಗುತ್ತಾ ಅಂತಾರೆ. 2024 ದಾಖಲೇಲೇ ಅತಿ ಬಿಸಿ ವರ್ಷ ಅಂತ ಆಮೇಲೆ ಪೇಪರಲ್ಲಿ ಬಂತು, ನಂಗೆ ಅದು ಬರೋ ಕಾಲ್‌ಗಳಲ್ಲೇ ಗೊತ್ತಾಗಿತ್ತು.

ಬ್ಲಾಕ್ ಒತ್ತೋ ಪ್ರೆಸ್ ಹೊಸದೇನಲ್ಲ, 1950ರ ದಶಕದಲ್ಲಿ ಕೊಲಂಬಿಯಾದಲ್ಲಿ ಮಾಡಿದ ಸಿನ್ವಾ-ರಾಮ್ ಅನ್ನೋ ಪ್ರೆಸ್ಸಿನ ಕಾಲದಿಂದ್ಲೂ ಇರೋ ಕೈಲಿ ಒತ್ತೋ ಮಷೀನೇ. ಸೆಕೆಂಡ್ ಹ್ಯಾಂಡ್ ತಗೊಂಡೆ. ಮೊದಲ ಲಾಟ್ ಸಾವಿರದ ಇನ್ನೂರು ಬ್ಲಾಕ್ ಇರ್ಬೇಕು, ಪೂರ್ತಿ ಹೋಯ್ತು. ಪಾಯ ತೋಡಿದ ಮಣ್ಣು ಫ್ರೀಯಾಗಿ ಸಿಕ್ತಲ್ಲ ಅಂತ ಬಾಟಲ್ ಟೆಸ್ಟೂ (ಮಣ್ಣನ್ನ ಬಾಟಲಿ ನೀರಲ್ಲಿ ಕಲಕಿ, ತಳಕ್ಕೆ ಕೂತ ಮೇಲೆ ಮರಳೆಷ್ಟು ಜೇಡಿಯೆಷ್ಟು ಅಂತ ನೋಡೋದು) ಮಾಡದೇನೇ ಒತ್ಸಿದ್ದೆ, ಅರ್ಧಕ್ಕರ್ಧ ಜೇಡಿ, ನಾಲ್ಕನೇ ದಿನಕ್ಕೆ ಬಿರುಕು. ಎಲ್ಲಾ ಒಡೆದು ದಾರಿಗೆ ಹಾಸಿದ್ದಾಯ್ತು. ಎರಡನೇ ಸಲ ಮರಳು ಸೇರ್ಸಿ ಜೇಡಿ ಹದಿನೈದು ಪರ್ಸೆಂಟ್ ಒಳಗೆ ತಂದೆ, ಮಣ್ಣು ಸರಿ ಇತ್ತು, ನಾನೇ ಸರಿ ಇರ್ಲಿಲ್ಲ. ಬೆಳಿಗ್ಗೇನೇ ಇಡೀ ದಿನದ ಸಿಮೆಂಟ್ ಕಲಸಿ ಗುಡ್ಡೆ ಹಾಕ್ಸಿದ್ದೆ, ಹುಡುಗ್ರು ಟೀ ಕುಡಿದು ಬರೋಷ್ಟ್ರಲ್ಲಿ ಅದು ಹಿಡ್ಕೊಳ್ಳೋಕೆ ಶುರು, ಆಮೇಲೆ ಒತ್ತಿದ್ದೆಲ್ಲಾ ಮೂಲೆ ಉದುರೋ ಬ್ಲಾಕ್. ಈಗ ಅರ್ಧ ಗಂಟೇಲಿ ಒತ್ತಿ ಮುಗಿಸೋಷ್ಟೇ ಕಲ್ಸೋದು.

ಒಬ್ಬ ಗಿರಾಕಿ ತುಂಬಾ ಓದ್ಕೊಂಡಿದ್ರು. ಜಗತ್ತಿನ ಕಾರ್ಬನ್ ಡೈಆಕ್ಸೈಡಲ್ಲಿ ಏಳೆಂಟು ಪರ್ಸೆಂಟ್ ಸಿಮೆಂಟಿಂದಾನೇ ಬರೋದು, ಮತ್ತೆ ನೀವೂ ಸಿಮೆಂಟ್ ಹಾಕ್ತೀರಲ್ರೀ ಅಂದ್ರು. ಹಾಕ್ತೀನಿ, ಎಂಟು ಕೆಜಿ ಬ್ಲಾಕಿಗೆ ಅರ್ಧ ಕೆಜಿ ಮೇಲೆ ಸ್ವಲ್ಪ. ಸಿಮೆಂಟ್ ಐದು ಪರ್ಸೆಂಟಿಗೆ ಇಳಿಸಿ ನೋಡ್ದೆ, ರಾತ್ರಿಯಿಡೀ ನೀರಲ್ಲಿ ನೆನೆಸಿ ಹೆಬ್ಬೆರಳಲ್ಲಿ ಉಜ್ಜಿದ್ರೆ ಕೆಂಪು ರಾಡಿ ಬರ್ತಿತ್ತು. ಏಳು ಪರ್ಸೆಂಟಿಗೆ ನಿಂತೆ. ಇಟ್ಟಿಗೆ ಸುಡೋ ಸೌದೆ ಕಲ್ಲಿದ್ದಲು ಪೂರ್ತಿ ಉಳೀತಲ್ಲ ಸಾರ್ ಅಂದ್ಮೇಲೆ ಅವ್ರು ಅಡ್ವಾನ್ಸ್ ಕೊಟ್ರು.

ದುಡ್ಡಿನ ವಿಷ್ಯ ಯಾರೂ ನಿಜ ಹೇಳಲ್ಲ, ನಾನು ಹೇಳ್ತೀನಿ. ಗೋಡೆ ಖರ್ಚಲ್ಲಿ ಕಾಲು ಭಾಗ ಉಳೀತು, ಆದ್ರೆ ಮನೆ ಅಂದ್ರೆ ಬರೀ ಗೋಡೆ ಅಲ್ವಲ್ಲ, ಒಟ್ಟು ಲೆಕ್ಕದಲ್ಲಿ ಎಂಟೋ ಒಂಬತ್ತೋ ಪರ್ಸೆಂಟ್. ಅದೂ ಪ್ಲಾಸ್ಟರ್ ಬಿಟ್ಟಿದ್ದಕ್ಕೆ. ಕ್ಯೂರಿಂಗಿಗೆ, ಅಂದ್ರೆ ಬ್ಲಾಕ್ ಒದ್ದೆಯಾಗಿಟ್ಟು ಗಟ್ಟಿಯಾಗೋಕೆ ಬಿಡೋದಕ್ಕೆ, ಇಪ್ಪತ್ತೆಂಟು ದಿನ ನೆರಳು ಬೇಕು ಜಾಗ ಬೇಕು, ಅಷ್ಟು ದಿನ ನಮ್ಮ ದುಡ್ಡು ಒದ್ದೆ ಗೋಣಿಚೀಲದ ಕೆಳಗೆ ಮಲಗಿರುತ್ತೆ. ಮೇಸ್ತ್ರಿ ಒಬ್ಬ ಅಭ್ಯಾಸಬಲದಿಂದ ಗಟ್ಟಿ ಸಿಮೆಂಟ್ ಗಾರೇಲಿ ಕಟ್ಟಿಬಿಟ್ಟ, ಗಾರೆ ಬ್ಲಾಕಿಗಿಂತ ಗಟ್ಟಿಯಾಗಿ ಬಿರುಕು ಬ್ಲಾಕಿನ ನಡುವೇನೇ ಬಂತು, ಒಂದು ಗೋಡೆ ಇಳಿಸಿ ಮತ್ತೆ ಕಟ್ಟಿದ್ದು ನನ್ನ ಕೈಯಿಂದ. ಈಗ ಗಾರೆಗೂ ಮಣ್ಣು ಬೆರೆಸ್ತೀನಿ.

ಬ್ಲಾಕ್ ಮೂಲೆ ಮುರೀದೆ ಹೊರಗೆ ಬರೋಕೆ ಅಚ್ಚಿಗೆ ಸವರೋ ಎಣ್ಣೇಲಿ ಒಂದು ಬೆರಕೆ ಇದೆ. ಅದನ್ನ ಮಾತ್ರ ಕೇಳ್ಬೇಡಿ, ಎರಡು ವರ್ಷ ಕಳೆದು ಕಂಡ್ಕೊಂಡಿದ್ದು.

ಇನ್ನೊಂದು, ಗೋಡೆ ಒಂದರಿಂದ್ಲೇ ಮನೆ ತಂಪಾಗಲ್ಲ. ಮೇಲಿನ ಮಹಡಿಗೆ ಬಿಸಿ ಇಳಿಯೋದು ತಾರಸಿಯಿಂದ. ಸುಮ್ನೆ ನೋಡೋಣ ಅಂತ ಅರ್ಧ ತಾರಸಿಗೆ ಸುಣ್ಣ ಬಳಿದು ಮಧ್ಯಾಹ್ನ ಎರಡಕ್ಕೆ ಟೆಂಪರೇಚರ್ ಗನ್ ಹಿಡಿದೆ, ಬರೀ ಕಾಂಕ್ರೀಟ್ ಐವತ್ತೆಂಟರ ಹತ್ರ, ಸುಣ್ಣದ್ದು ನಲವತ್ತೆರಡೋ ಮೂರೋ. ಖುಷಿಯಾಗಿ ಎಲ್ರಿಗೂ ಫೋಟೋ ಕಳ್ಸಿದ್ದೆ, ಮೊದಲ ಜೋರು ಮಳೆಗೆ ಅರ್ಧ ಸುಣ್ಣ ಪೈಪಲ್ಲಿ ಹೋಯ್ತು. ಈಗ ಅದಕ್ಕೆ ಅಂಟು ಸೇರಿಸಿ ಬಳೀತೀನಿ, ಇದೂ ಪರ್ಮನೆಂಟ್ ಅಲ್ಲ, ಬೇಸಿಗೆಗೆ ಮುಂಚೆ ಇನ್ನೊಂದು ಕೋಟ್ ಬೇಕೇ ಬೇಕು. ಸಿಮೆಂಟ್ ಬದ್ಲು ಭತ್ತದ ಹೊಟ್ಟಿನ ಬೂದಿ ಹಾಕಿದ ಒಂದಿಪ್ಪತ್ತು ಬ್ಲಾಕೂ ಮೂಲೇಲಿ ಕೂತಿವೆ, ಗಟ್ಟಿಯಾಗೋಕೆ ಬಹಳ ನಿಧಾನ, ನಂಗೆ ತಾಳ್ಮೆ ಕಮ್ಮಿ.

ಮೂರು ಮಳೆಗಾಲದಲ್ಲಿ ಹಾಳಾಗಿದ್ದು ಒಟ್ಟು ಎರಡೇ ಬ್ಲಾಕ್, ತಾರಸಿ ನೀರಿನ ಪೈಪ್ ನೇರ ಬೀಳೋ ಜಾಗದಲ್ಲಿ. ಎರಡನ್ನೂ ಉಳೀಲಿ ಬಿಚ್ಚಿ ಹೊಸದು ಕೂರಿಸ್ದೆ, ಅರ್ಧ ದಿನದ ಕೆಲ್ಸ. ಪೈಪ್ ಉದ್ದ ಮಾಡೋಕೆ ಮಾತ್ರ ಪ್ಲಂಬರ್ ಇವತ್ತು ನಾಳೆ ಅಂತಾನೇ ಇದಾನೆ.