ವೈಟಿಂಗ್ ಮೀನು ಬಾಣಲೆಯಲ್ಲಿ ನಿಲ್ಲಲ್ಲ ಅಂದವರಿಗೆ: ನನ್ನ ಅನುಭವ

ವೈಟಿಂಗ್ ಅಂದರೆ ಕಾಡ್ (cod) ಮೀನಿನ ಕುಟುಂಬದ ಸಮುದ್ರದ ಮೀನು. ಅದು ಬಾಣಲೆಯಲ್ಲಿ ಪುಡಿಪುಡಿ ಆಗುತ್ತದೆ, ಹಿಟ್ಟಿನಲ್ಲಿ ಅದ್ದಿ ಕರಿಯುವುದು ಬಿಟ್ಟರೆ ಬೇರೆ ದಾರಿ ಇಲ್ಲ. ನನ್ನ ಜೊತೆ ಒಲೆ ಮುಂದೆ ನಿಲ್ಲುವ ಮೂವರೂ ಹೇಳಿದ್ದು ಇದನ್ನೇ. ಚರ್ಮ ಗರಿಗರಿ ಆಗಬೇಕಾದರೆ ಪರ್ಚ್ ಅನ್ನುವ ಸಿಹಿನೀರಿನ ಮೀನು ತರಿಸು, ಸುಮ್ನೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀಯಾ ಅಂದರು. ಈಗ ಎಂಟು ತಿಂಗಳಿಂದ ನಮ್ಮಲ್ಲಿ ವೈಟಿಂಗ್ ಚರ್ಮದ ಸಮೇತ ಬಾಣಲೆಗೆ ಇಳಿಯುತ್ತಿದೆ, ಇಡಿಯಾಗಿಯೇ ತಟ್ಟೆಗೆ ಹೋಗುತ್ತಿದೆ. ಮೂವರಲ್ಲಿ ಇಬ್ಬರು ಈಗ ನನ್ನ ದಾರಿಗೇ ಬಂದಿದ್ದಾರೆ. ಮೂರನೆಯವರು ಇನ್ನೂ ಒಪ್ಪಿಲ್ಲ, ಆದರೆ ತಿನ್ನಲು ಎಲ್ಲರಿಗಿಂತ ಮೊದಲು ಬರುತ್ತಾರೆ.

ಮೊದಲು ಕಳೆದುಕೊಂಡ ದುಡ್ಡಿನ ಕಥೆ. ವೈಟಿಂಗ್ ನನಗೆ ಪರ್ಚ್‌ನ ಹೆಚ್ಚುಕಡಿಮೆ ಅರ್ಧ ರೇಟಿಗೆ ಸಿಗುತ್ತಿತ್ತು. ಎರಡೂ ಬಿಳಿ ಮಾಂಸ, ಎರಡರಲ್ಲೂ ಕೊಬ್ಬು ನೂರಕ್ಕೆ ಒಂದರ ಆಸುಪಾಸು. ಹಾಗಾದರೆ ಒಂದರ ಜಾಗದಲ್ಲಿ ಇನ್ನೊಂದು ಹಾಕಿದರೆ ಆಯಿತಲ್ಲ ಅಂದುಕೊಂಡೆ. 10 ಕಿಲೋ ಫ್ರೀಜರ್ ಫಿಲೆಟ್, ಅಂದರೆ ಎಲುಬು ತೆಗೆದ ಮೀನಿನ ತುಂಡು, ತರಿಸಿದೆ. ಕರಗಿಸಿದಾಗಲೇ ಒಂದು ಕಿಲೋಗೂ ಜಾಸ್ತಿ ನೀರಾಗಿ ಹೋಯಿತು. ಉಳಿದದ್ದನ್ನು ಪರ್ಚ್ ಹುರಿದ ಹಾಗೇ ಹುರಿದೆ. ಮಗುಚಲು ಹೋದಾಗ ಚರ್ಮ ಬಾಣಲೆಯಲ್ಲಿ, ಮಾಂಸ ಸೌಟಿನಲ್ಲಿ. ಕೊನೆಗೆ ತಟ್ಟೆಗೆ ಇಡಬಹುದಾದದ್ದು ಐದು ಕಿಲೋ ಇದ್ದರೆ ಹೆಚ್ಚು. ಅರ್ಧ ರೇಟಿನ ಮೀನು, ಅರ್ಧ ಕಸಕ್ಕೆ. ಲೆಕ್ಕ ನೀವೇ ಹಾಕಿ. ಹೀಗೆ ಮೂರು ಪೆಟ್ಟಿಗೆ ಹಾಳು ಮಾಡಿದ ಮೇಲೆ ಬುದ್ಧಿ ಬಂತು. ಒಂದು ತಿಂಗಳ ಲಾಭ ಪೂರ್ತಿ ಅದರಲ್ಲೇ ಹೋಯಿತು.

ಪರ್ಚ್ ಏನು ಪುಕ್ಕಟೆ ಅಲ್ಲ. ಇಡೀ ಮೀನು 10 ಕಿಲೋ ತಂದು ಕೊಯ್ದರೆ ಫಿಲೆಟ್ ನಾಲ್ಕು ಕಿಲೋ ಸಿಕ್ಕರೆ ಪುಣ್ಯ. ಹುರುಪೆ ತೆಗೆಯುವುದು ಇನ್ನೊಂದು ಕಾಟ. ಪರ್ಚ್ ಹುರುಪೆಯ ಅಂಚು ಬಾಚಣಿಗೆ ಹಲ್ಲಿನ ಹಾಗೆ ಇರುತ್ತದೆ, ಮೈ ಒಣಗಿತೋ ಸಿಮೆಂಟ್ ಹಾಕಿದಂತೆ ಕಚ್ಚಿಕೊಳ್ಳುತ್ತದೆ. ಒದ್ದೆಯಾಗಿರುವಾಗಲೇ ಕೆರೆಯಬೇಕು. ಬೆನ್ನಿನ ಮೊದಲ ರೆಕ್ಕೆಯಲ್ಲಿ ಹದಿನೈದರ ಹತ್ತಿರ ಸೂಜಿಗಳು, ಕಿವಿರಿನ ಮುಚ್ಚಳದ ತುದಿಯಲ್ಲಿ ಇನ್ನೊಂದು ಚೂಪು ಮುಳ್ಳು. ನನ್ನ ಹೆಬ್ಬೆರಳು ಒಂದು ವಾರ ಬಾತುಕೊಂಡಿತ್ತು. ವೈಟಿಂಗ್‌ನಲ್ಲಿ ಈ ತಂಟೆಯೇ ಇಲ್ಲ. ಬೆನ್ನಿಗೆ ಮೂರು ರೆಕ್ಕೆ, ಹೊಟ್ಟೆ ಕೆಳಗೆ ಎರಡು, ಎಲ್ಲವೂ ಮೆತ್ತಗೆ. ಎದೆ ರೆಕ್ಕೆಯ ಬುಡದಲ್ಲಿ ಸಣ್ಣ ಕಪ್ಪು ಚುಕ್ಕೆ. ಪರ್ಚ್ ಮೈಮೇಲಿನ ಅಡ್ಡ ಪಟ್ಟೆ, ಕೆಂಪು ಹೊಟ್ಟೆ ರೆಕ್ಕೆ ನೋಡಿದವರಿಗೆ ಇಡೀ ಮೀನಿನಲ್ಲಿ ಗೊಂದಲವೇ ಬರಲ್ಲ. ಚರ್ಮ ಸುಲಿದ ಫಿಲೆಟ್ ಮುಂದೆ ಇಟ್ಟಾಗ ಮಾತ್ರ ಕಷ್ಟ.

ಫಿಲೆಟ್ ತರಿಸುವಾಗ ಮೋಸವೂ ಹೋಗಿದ್ದೇನೆ. ಒಮ್ಮೆ ಪರ್ಚ್ ಅಂತ ಬಂದ ಪೆಟ್ಟಿಗೆಯಲ್ಲಿ ತೆಳು ಕೆಂಪು ಚರ್ಮದ ತುಂಡುಗಳು. ಅದು ಸೆಬಾಸ್ಟಿಸ್, ಸಮುದ್ರದ ಮೀನು. ಓಷನ್ ಪರ್ಚ್ ಅಂತ ಕರೆಯುತ್ತಾರೆ ಅಷ್ಟೇ, ನಿಜವಾದ ಪರ್ಚ್ ಸಿಹಿನೀರಿನದು. ಇನ್ನೊಮ್ಮೆ ಬಂದದ್ದು ನೈಲ್ ಪರ್ಚ್, ಅದೂ ಬೇರೆ ಮೀನೇ. ಒಂದೊಂದು ಫಿಲೆಟ್ ನನ್ನ ಮೊಣಕೈ ಉದ್ದ. ನಿಜವಾದ ಪರ್ಚ್ ಫಿಲೆಟ್ ಅಂಗೈಯಲ್ಲಿ ಕೂರುತ್ತದೆ. ವೈಟಿಂಗ್ ಹೆಸರಿಗೂ ಇದೇ ಗತಿ. ಅಮೆರಿಕದಲ್ಲಿ ಸಿಲ್ವರ್ ಹೇಕ್ ಅನ್ನುವ ಬೇರೆ ಮೀನನ್ನೂ ವೈಟಿಂಗ್ ಅಂತ ಮಾರುತ್ತಾರೆ. ತಮಾಷೆ ಅಂದರೆ, ನಮ್ಮ ಕಾಣೆ ಮೀನಿಗೂ ಇಂಗ್ಲಿಷಿನಲ್ಲಿ ವೈಟಿಂಗ್ ಅನ್ನುವ ಹೆಸರಿದೆ, ಆದರೆ ಅದು ಸಿಲ್ಲಾಗೋ ಜಾತಿ. ಕಾಡ್ ಕುಟುಂಬದ ವೈಟಿಂಗ್‌ಗಿಂತ ಪರ್ಚ್‌ಗೇ ಹತ್ತಿರದ ನೆಂಟ! ಅದಕ್ಕೇ ಈಗ ಪೆಟ್ಟಿಗೆ ಮೇಲೆ ಲ್ಯಾಟಿನ್ ಹೆಸರು ನೋಡದೆ ದುಡ್ಡು ಕೊಡಲ್ಲ. ಮೆರ್ಲಾಂಜಿಯಸ್ ಅಂತ ಇದ್ದರೆ ವೈಟಿಂಗ್, ಪರ್ಕಾ ಅಂತ ಇದ್ದರೆ ಪರ್ಚ್. ಹೆಸರೇ ಇಲ್ಲದಿದ್ದರೆ ಒಂದು ತುಂಡು ಆವಿಯಲ್ಲಿ ಬೇಯಿಸುತ್ತೇನೆ. ವೈಟಿಂಗ್ ಅಗಲ ಎಸಳುಗಳಾಗಿ ತಾನೇ ಬಿಚ್ಚಿಕೊಳ್ಳುತ್ತದೆ. ಪರ್ಚ್ ಬಿಗಿಯಾಗಿರುತ್ತದೆ, ಬೆರಳಿನಿಂದ ಒತ್ತಿದರೆ ಮಾತ್ರ ಬಿಡುತ್ತದೆ.

ಈ ಎಸಳಿನಲ್ಲೇ ಎಲ್ಲ ಇದೆ ಅಂತ ಹೊಳೆದದ್ದು ಆಗ. ಪರ್ಚ್ ಗಟ್ಟಿ ನಿಲ್ಲುವುದು ಕೊಬ್ಬಿನಿಂದ ಅಂತ ನಮ್ಮವರೆಲ್ಲ ನಂಬಿದ್ದರು. ಅಲ್ಲ. ವೈಟಿಂಗ್‌ನಲ್ಲಿ ಎಸಳುಗಳನ್ನು ಹಿಡಿದಿರುವ ಪೊರೆ ತೀರ ತೆಳು, ಮಾಂಸದಲ್ಲಿ ಸಡಿಲ ನೀರು ಜಾಸ್ತಿ. ಆ ನೀರು ಬಾಣಲೆಗೆ ಹೋಗುವ ಮೊದಲೇ ಹೊರಗೆ ಬರಬೇಕು.

ಮೊದಲು ಉಪ್ಪುನೀರಿನಲ್ಲಿ ಒಂದು ಗಂಟೆ ಮುಳುಗಿಸಿದೆ. ಗಟ್ಟಿ ಆಯಿತು, ಆದರೆ ಬಾಯಿಗಿಡಲು ಆಗದಷ್ಟು ಉಪ್ಪು. ಉಪ್ಪು ಕಡಿಮೆ ಮಾಡಿದರೆ ನೀರು ಇನ್ನಷ್ಟು ಕುಡಿದು ಬಂತು. ಆಮೇಲೆ ಒಣ ಉಪ್ಪಿಗೆ ಬಂದೆ. ಕಿಲೋ ಫಿಲೆಟ್‌ಗೆ 15 ಗ್ರಾಂ ಹತ್ತಿರ ನುಣ್ಣಗಿನ ಉಪ್ಪು, ಮಾಂಸದ ಕಡೆ ಜಾಸ್ತಿ, ಚರ್ಮಕ್ಕೆ ಸ್ವಲ್ಪ. ಇಪ್ಪತ್ತು ನಿಮಿಷ ಬಿಟ್ಟರೆ ಮೇಲೆ ಬೆವರಿನ ಹಾಗೆ ನೀರು ನಿಲ್ಲುತ್ತದೆ. ತೊಳೆಯಬೇಡಿ, ಬಟ್ಟೆಯಿಂದ ಒತ್ತಿ ಒರೆಸಿ. ಚರ್ಮ ಮೇಲೆ ಮಾಡಿ ಜಾಲರಿ ಮೇಲೆ ಜೋಡಿಸಿ, ಏನೂ ಮುಚ್ಚದೆ ಫ್ರಿಜ್‌ನಲ್ಲಿ ಇಡಿ. ನಾಲ್ಕು ಗಂಟೆ ಸಾಕು, ರಾತ್ರಿಯಿಡೀ ಆದರೆ ಇನ್ನೂ ಒಳ್ಳೆಯದು. ಚರ್ಮ ಮುಟ್ಟಿದರೆ ಕಾಗದದ ಹಾಗೆ ಅನ್ನಿಸಬೇಕು. ಉಪ್ಪಿನ ಜೊತೆ ನಾನು ಇನ್ನೊಂದು ಪುಡಿ ಚಿಟಿಕೆಯಷ್ಟು ಸೇರಿಸುತ್ತೇನೆ, ಅದನ್ನು ಹೇಳಲ್ಲ. ಅದಿಲ್ಲದೆಯೂ ಕೆಲಸ ಆಗುತ್ತದೆ.

ಬಾಣಲೆ ದಪ್ಪ ಕಬ್ಬಿಣದ್ದು, ಚೆನ್ನಾಗಿ ಕಾದಿರಬೇಕು. ಚರ್ಮ ಕೆಳಗೆ ಮಾಡಿ ಇಳಿಸಿ ಇಪ್ಪತ್ತು ಸೆಕೆಂಡು ಒತ್ತಿ ಹಿಡಿಯುತ್ತೇನೆ. ಆಮೇಲೆ ಕೈ ಕಟ್ಟಿ ನಿಲ್ಲುವುದು. ಇದೇ ಎಲ್ಲಕ್ಕಿಂತ ಕಷ್ಟ! ತಾನಾಗಿ ಬಿಡುವವರೆಗೆ ಸೌಟು ತಾಗಿಸಬಾರದು. ಮಾಂಸದ ಮುಕ್ಕಾಲು ಭಾಗ ಕೆಳಗಿನಿಂದಲೇ ಬೆಳ್ಳಗಾದ ಮೇಲೆ ಮಗುಚಿ, ಹತ್ತು ಸೆಕೆಂಡು ಬಿಟ್ಟು, ಒಲೆ ಆರಿಸಿ ಬಾಣಲೆ ಬಿಸಿಯಲ್ಲೇ ಒಳಗಿನವರೆಗೆ ಬೇಯಲು ಬಿಡುತ್ತೇನೆ. ಪರ್ಚ್‌ಗೆ ಇಷ್ಟು ಉಪಚಾರ ಬೇಡ. ಅದರ ಚರ್ಮ ಸುರುಟಿಕೊಳ್ಳುತ್ತದೆ, ಹಾಗಾಗಿ ಎರಡು ಮೂರು ಗೀರು ಹಾಕಿದರೆ ಆಯಿತು. ಹೀಗೆ ಶುರು ಮಾಡಿದ ಮೇಲೆ 10 ಕಿಲೋ ವೈಟಿಂಗ್‌ಗೆ ಎಂಟು ಕಿಲೋ ಹತ್ತಿರ ತಟ್ಟೆಗೆ ಹೋಗುತ್ತಿದೆ. ಕಳೆದುಕೊಂಡ ಮೂರು ಪೆಟ್ಟಿಗೆ ಎರಡು ತಿಂಗಳಲ್ಲಿ ವಸೂಲಾಯಿತು.

ಒಂದು ಪೆಟ್ಟಿಗೆಗೆ ಮಾತ್ರ ಈ ಉಪಾಯವೂ ನಡೆಯಲಿಲ್ಲ. ರೇಟು ಇಳಿದಿದೆ ಅಂತ ಜಾಸ್ತಿ ತರಿಸಿ ಮೂರು ತಿಂಗಳು ಫ್ರೀಜರ್‌ನಲ್ಲಿ ಇಟ್ಟಿದ್ದೆ. ತೆಗೆದರೆ ಸ್ಪಂಜು. ಹಿಂಡಿದರೆ ನೀರು, ಅಗಿದರೆ ಹತ್ತಿ. ಅದೇ ದಿನ ಇಟ್ಟ ಪರ್ಚ್ ಚೆನ್ನಾಗಿಯೇ ಇತ್ತು. ಕಾಡ್ ಕುಟುಂಬದ ಮೀನಿನ ಮಾಂಸದಲ್ಲಿರುವ ಒಂದು ವಸ್ತು ಫ್ರೀಜರ್‌ನಲ್ಲೂ ನಿಧಾನವಾಗಿ ಒಡೆದು ಫಾರ್ಮಾಲ್ಡಿಹೈಡ್ ಆಗುತ್ತದೆ, ಅದು ಮಾಂಸವನ್ನು ನಾರು ಮಾಡುತ್ತದೆ. ಪರ್ಚ್‌ನಂಥ ಸಿಹಿನೀರಿನ ಮೀನಿನಲ್ಲಿ ಆ ವಸ್ತು ತೀರ ಕಡಿಮೆ. ಈಗ ವೈಟಿಂಗ್ ಆರು ವಾರಕ್ಕಿಂತ ಜಾಸ್ತಿ ಇಡಲ್ಲ. ಇಡೀ ಮೀನು ಸಿಕ್ಕಾಗ ಬೆನ್ನೆಲುಬಿಗೆ ಅಂಟಿದ ಕಪ್ಪುಗೆಂಪು ರಕ್ತದ ಪಟ್ಟಿಯನ್ನು ಪೂರ್ತಿ ಕೆರೆದು ತೆಗೆದೇ ಫ್ರೀಜರ್‌ಗೆ ಹಾಕುವುದು.

ನಡುವೆ ಸುಮ್ನೆ ಮಾಡಿ ನೋಡಿದ್ದೂ ಇದೆ. ಪರ್ಚ್‌ನ ಮಣ್ಣಿನ ವಾಸನೆಗೆ ಹಾಲಿನಲ್ಲಿ ನೆನೆಸಿದೆ. ಏನೂ ಫರಕ್ ಆಗಲಿಲ್ಲ, ಹಾಲು ದಂಡ. ವೈಟಿಂಗ್ ತಲೆ, ಎಲುಬು ಇಪ್ಪತ್ತು ನಿಮಿಷ ಕುದಿಸಿದರೆ ಒಳ್ಳೆ ಸ್ಟಾಕ್ (ಮೀನಿನ ತಿಳಿಸಾರು) ಬರುತ್ತದೆ, ಅದಕ್ಕಿಂತ ಹೆಚ್ಚು ಕುದಿಸಿದರೆ ಕಹಿ. ನಮ್ಮ ಹುಡುಗನೊಬ್ಬ ಪರ್ಚ್ ಅನ್ನು ಹಸಿಯಾಗಿ ನಿಂಬೆರಸದಲ್ಲಿ ಹಾಕೋಣ ಅಂದ. ಬೇಡವೇ ಬೇಡ ಅಂದೆ. ಪರ್ಚ್‌ನಲ್ಲಿ ಲಾಡಿಹುಳದ ಮರಿ ಇರಬಹುದು, ವೈಟಿಂಗ್‌ನಲ್ಲಿ ಅನಿಸಾಕಿಸ್ ಹುಳ. ನಿಂಬೆರಸಕ್ಕೆ ಇವು ಸಾಯಲ್ಲ. ಮೈನಸ್ 20 ಡಿಗ್ರಿಯಲ್ಲಿ ಏಳು ದಿನ ಇಡಬೇಕು, ಇಲ್ಲವಾದರೆ ಪೂರ್ತಿ ಬೇಯಬೇಕು. ಹುಡುಗ ಮುಖ ಸಣ್ಣ ಮಾಡಿಕೊಂಡ. ಫಿಲೆಟ್ ಅನ್ನು ದೀಪಕ್ಕೆ ಹಿಡಿದು ಹುಳ ಹುಡುಕುವ ಕೆಲಸ ಈಗ ಅವನದೇ, ನನಗಿಂತ ಚೆನ್ನಾಗಿ ಮಾಡುತ್ತಾನೆ.

ಸದ್ಯ ವೈಟಿಂಗ್‌ನ ತೆಳು ಹೊಟ್ಟೆ ಭಾಗದ ಮೇಲೆ ಕೈ ಆಡಿಸುತ್ತಿದ್ದೇನೆ. ಫಿಲೆಟ್ ಜೊತೆ ಬಿಟ್ಟರೆ ಅದು ಮೊದಲೇ ಸೀಯುತ್ತದೆ, ಅದಕ್ಕೇ ಕತ್ತರಿಸಿ ಬೇರೆ ಇಡುತ್ತೇನೆ. ಎರಡು ದಿನ ಒಣಗಿಸಿ ಕರಿದಾಗ ಚೆನ್ನಾಗಿ ಬಂತು, ಮೂರನೇ ಸಲ ರಬ್ಬರ್ ಆಯಿತು. ಯಾಕೆ ಅಂತ ಹುಡುಕುತ್ತಿದ್ದೇನೆ.